ಆಯ್ತು ಹಾಕುವುದು

ಮಗಳು ಎಂಟು ನಲವತ್ತಕ್ಕೆ ಸರಿಯಾಗಿ ಹೊರಟಳು. ಊಟದ ಡಬ್ಬಿಯನ್ನು ಬ್ಯಾಗಿಗೆ ಇಳಿಸಿ, ಆಫೀಸಿನ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು, ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತು ಚಪ್ಪಲಿಯ ಪಟ್ಟಿ ಬಿಗಿಯುತ್ತ “ಬರ್ತೀನಮ್ಮಾ, ಬರ್ತೀನಪ್ಪಾ” ಅಂದಳು. ಅವನು ಪೇಪರಿನ ಹಿಂದಿನಿಂದಲೇ “ಆಯ್ತು” ಅಂದ. ಅವಳಿಗೆ ಹೋಗಲು ಆಫೀಸೇ ಇಲ್ಲ ಎನ್ನುವುದು ಅವನಿಗೆ ನಿನ್ನೆ ಮಧ್ಯಾಹ್ನದಿಂದ ಗೊತ್ತಿತ್ತು. ಕನ್ನಡಕದ ಕಾಲು ಮುರಿದಿತ್ತೆಂದು ಅರ್ಧ ದಿನ ರಜೆ ಹಾಕಿ, ಅದನ್ನು ಅಂಗಡಿಗೆ ಕೊಟ್ಟು, ತಯಾರಾಗುವವರೆಗೆ ಹೊತ್ತು ಕಳೆಯಲು ಎದುರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿದ್ದ. ಕನ್ನಡಕವಿಲ್ಲದೆ ಎದುರಿಗೆ ನಿಂತವರ ಮೂಗು ಕಾಣದವನಿಗೂ, ಕಿಟಕಿಯ ಪಕ್ಕದ ಕೊನೆಯ ಮೇಜಿನಲ್ಲಿ ಬ್ಯಾಗಿನ ಮೇಲೆ ಗಲ್ಲ ಊರಿ ಕೂತವಳು ಯಾರೆಂದು ಬಾಗಿಲಿನಿಂದಲೇ ಗೊತ್ತಾಯಿತು. ಹೆತ್ತವರಿಗೆ ಅಷ್ಟಕ್ಕೆಲ್ಲ ಕನ್ನಡಕ ಬೇಕಿಲ್ಲ. ಅವಳ ಮುಂದೆ ಪುಸ್ತಕವಿರಲಿಲ್ಲ, ಕೈಯಲ್ಲಿ ಫೋನೂ ಇರಲಿಲ್ಲ. ಹತ್ತಿರ ಹೋಗಿ ಮಾತಾಡಿಸಬೇಕಾದವನು ಕಾಲು ಸದ್ದಾಗದಂತೆ ಹಿಂದೆ ತಿರುಗಿ ಹೊರಗೆ ಬಂದ. ರಸ್ತೆಯಲ್ಲಿ ನಿಂತು ಅವಳ ಆಫೀಸಿಗೆ ಫೋನು ಮಾಡಿದ. “ಅವರು ಕೆಲ್ಸ ಬಿಟ್ಟು ಮೂರು ತಿಂಗಳಾಯ್ತಲ್ಲ. ತಾವ್ಯಾರು?” ಎಂದು ಆ ಕಡೆಯ ಹೆಂಗಸು ಕೇಳಿದಾಗ, ಐವತ್ತಾರು ವರ್ಷ ವಯಸ್ಸಿನ, ಮೂವತ್ತು ವರ್ಷ ಸರ್ವೀಸಿನ ಅವನು “ಕೊರಿಯರ್” ಎಂದು ಹೇಳಿ ಫೋನಿಟ್ಟ. ಸಂಜೆ ಆರೂಕಾಲಿಗೆ ಅವಳು ಮನೆಗೆ ಬಂದಾಗ “ಹೇಗಿತ್ತು ಆಫೀಸು?” ಎಂದು ಕೇಳಿದ. ಅವಳು ಅವನನ್ನು ನೋಡಿ, “ಚೆನ್ನಾಗಿತ್ತು” ಅಂದಳು. ಅವನು “ಆಯ್ತು” ಅಂದು ಟೀವಿಯ ಸದ್ದು ಜಾಸ್ತಿ ಮಾಡಿದ.

ಆಫೀಸಿನಲ್ಲಿ ಬೆನ್ನ ಹಿಂದೆ ಅವನಿಗೆ ಆಯ್ತಪ್ಪ ಎಂದೇ ಹೆಸರು. ಅದು ಅವನ ಕಿವಿಗೂ ಬಿದ್ದಿದೆ. ಬೇಜಾರಿಲ್ಲ, ಒಳಗೊಳಗೆ ಸ್ವಲ್ಪ ಜಂಬವೇ ಇದೆ. ಯಾಕೆಂದರೆ ಆ ಹೆಸರನ್ನು ಯಾರೂ ಅವನಿಗೆ ಸುಮ್ಮನೆ ಕೊಟ್ಟಿದ್ದಲ್ಲ. ಊರಿನ ಆಸ್ಪತ್ರೆಗಳಿಗೆಲ್ಲ ರಕ್ತ ಮೂತ್ರ ಪರೀಕ್ಷೆ ಮಾಡಿಕೊಡುವ ಏಳು ಲ್ಯಾಬುಗಳ ಲೆಕ್ಕಾಚಾರವೆಲ್ಲ ಬಂದು ಬೀಳುವುದು ಈ ಕಂಪ್ಯೂಟರ್ ಕೇಂದ್ರದ ದೊಡ್ಡ ಮೆಷೀನಿಗೆ, ಅಲ್ಲಿ ಕೆಲಸ ಮಾಡುವ ಅರ್ಧ ಜನಕ್ಕಿಂತ ಅದಕ್ಕೇ ವಯಸ್ಸು ಜಾಸ್ತಿ. ಬೆಳಿಗ್ಗೆ ಏಳಕ್ಕೆ ಶುರುವಾದರೆ ಮುನ್ನೂರ ಹನ್ನೆರಡು ಜಾಬುಗಳು, ಅಂದರೆ ಮೆಷೀನಿಗೆ ವಹಿಸಿದ ಸಣ್ಣ ಸಣ್ಣ ಕೆಲಸಗಳು, ಒಂದರ ಹಿಂದೆ ಒಂದು ಓಡಿ, ಹನ್ನೆರಡು ಗಂಟೆಗೆ, ಡಾಕ್ಟರುಗಳು ರೌಂಡ್ಸಿಗೆ ಹೊರಡುವ ಮೊದಲು, ರಿಪೋರ್ಟುಗಳು ವಾರ್ಡಿಗೆ ಹೋಗಿರಬೇಕು. ಮುಂದೆ ನಿಂತದ್ದು ಮುಗಿಯದೆ ಹಿಂದೆ ನಿಂತದ್ದು ಕದಲುವುದಿಲ್ಲ. ಒಂದು ಜಾಬು ಫೇಲಾದರೆ ಪರದೆಯ ಮೇಲೆ ಅದರ ಸಾಲು ಕೆಂಪಾಗುತ್ತದೆ, ಅದರ ಬೆನ್ನಿಗಿರುವವೆಲ್ಲ ಬಾಗಿಲು ತೆಗೆಯದ ಅಂಗಡಿಯ ಮುಂದಿನ ಜನರ ಹಾಗೆ ನಿಂತುಬಿಡುತ್ತವೆ. ಆಗ ದಾರಿ ಮೂರು. ತಪ್ಪು ಹುಡುಕಿ ಸರಿಮಾಡಿ ಮತ್ತೆ ಓಡಿಸುವುದು. ಎಲ್ಲವನ್ನೂ ಹೋಲ್ಡಿಗೆ ಹಾಕಿ ಕಾಯುವುದು. ಇಲ್ಲವೇ, ಆಗದ ಕೆಲಸವನ್ನು ಆಯ್ತು ಎಂದು ಮೆಷೀನಿಗೆ ಹೇಳಿಬಿಡುವುದು. ಕೈಪಿಡಿಯಲ್ಲಿ ಅದಕ್ಕೆ ಉದ್ದದ ಹೆಸರಿದೆ, ಈ ಆಫೀಸಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ ‘ಆಯ್ತು ಹಾಕುವುದು’. ಮೆಷೀನು ನಂಬುತ್ತದೆ. ಅಷ್ಟು ಸಲೀಸಾಗಿ ಅವನ ಮಾತು ನಂಬುವವರು ಮನೆಯಲ್ಲೂ ಯಾರಿಲ್ಲ. ಯಾವುದಕ್ಕೆ ಆಯ್ತು ಹಾಕಿದರೆ ಏನೂ ಮುಳುಗಿಹೋಗುವುದಿಲ್ಲ, ಯಾವುದಕ್ಕೆ ಹಾಕಲೇಬಾರದು ಎಂಬುದು ಕೈಪಿಡಿಯಲ್ಲಿ ಬರೆದಿರುವುದಿಲ್ಲ, ಅನುಭವದಿಂದ ಬರಬೇಕು. ಅದು ಅವನಿಗೆ ಬಂದಿತ್ತು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ರಿಪೋರ್ಟು ಹನ್ನೆರಡು ದಾಟಿರಲಿಲ್ಲ, ಅದನ್ನು ಅವನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳಬಲ್ಲ.

ಅವನು ಕುರ್ಚಿ ಎಳೆದು ಕೂತಾಗ ಒಂಬತ್ತೂವರೆ. ಪಕ್ಕದ ಟೇಬಲ್ಲಿನ ರೆಕಾರ್ಡಮ್ಮ ಆಗಲೇ ಬಂದಿದ್ದಳು. ಇಪ್ಪತ್ತು ವರ್ಷ ರೆಕಾರ್ಡ್ ಸೆಕ್ಷನ್ನಿನಲ್ಲಿ ಕಡತ ಹುಡುಕಿಕೊಟ್ಟು, ಆ ಸೆಕ್ಷನ್ನೇ ಮುಚ್ಚಿದ ಮೇಲೆ ಮೂರು ವಾರದ ಹಿಂದೆ ಇಲ್ಲಿಗೆ ವರ್ಗವಾಗಿ ಬಂದಿದ್ದ ಹೆಂಗಸು. ಮೆಷೀನಿನ ಕೆಲಸ ಈಗಷ್ಟೇ ಕಲಿಯುತ್ತಿದ್ದಾಳೆ, ಆದರೆ ಕಲಿಯುವವರ ಹೆದರಿಕೆ ಅವಳಲ್ಲಿಲ್ಲ. ಹತ್ತಕ್ಕೆ ಹತ್ತು ನಿಮಿಷವಿದ್ದಾಗ ತಿದ್ದುಪಡಿ ಜಾಬು ಕೆಂಪಾಯಿತು. ಲ್ಯಾಬಿನವರು ಕೊಟ್ಟ ಫಲಿತಾಂಶದಲ್ಲಿ ತಪ್ಪು ಕಂಡರೆ ಮಾರನೆಯ ದಿನ ತಿದ್ದಿ ಕಳಿಸುತ್ತಾರೆ. ಏಳು ಲ್ಯಾಬಿನ ಏಳು ತಿದ್ದುಪಡಿ ಫೈಲುಗಳನ್ನು ಓದಿ ಹಳೆಯ ಅಂಕಿಯ ಜಾಗದಲ್ಲಿ ಹೊಸದು ಕೂರಿಸುವುದು ಆ ಜಾಬಿನ ಕೆಲಸ. ನದಿಯಾಚೆಯ ಲ್ಯಾಬಿನ ಫೈಲು ಖಾಲಿ ಬಂದಿತ್ತು. ಖಾಲಿ ಫೈಲು ಕಂಡರೆ ಜಾಬು ಮುಖ ತಿರುಗಿಸಿ ನಿಲ್ಲುತ್ತದೆ. ಗೋಡೆಗೆ ಅಂಟಿಸಿದ ಸೂಚನೆಯ ಹಾಳೆಯಲ್ಲಿ ಹದಿನಾಲ್ಕನೆಯ ಸಾಲು ಅದಕ್ಕೆಂದೇ ಇದೆ: ನದಿಯಾಚೆ ಖಾಲಿ ಇದ್ದರೆ ಆಯ್ತು ಹಾಕಿ, ಫೋನು ಮಾಡುವುದು ಬೇಡ. ಅವನ ಬೆರಳು ಆಗಲೇ ಕೀಲಿಯ ಮೇಲಿತ್ತು. ಮನಸ್ಸು ಗ್ರಂಥಾಲಯದಲ್ಲಿತ್ತು, ಈಗ ಬಾಗಿಲು ತೆರೆದಿರುತ್ತಾರೆ, ಅವಳು ಕಿಟಕಿಯ ಪಕ್ಕದ ಜಾಗ ಹಿಡಿದಿರುತ್ತಾಳೆ.

“ಸಾರ್, ಒಂದು ಕೇಳ್ಲಾ? ಬೈಬಾರ್ದು,” ಎಂದಳು ರೆಕಾರ್ಡಮ್ಮ.

“ಕೇಳಿ.”

“ನಲವತ್ತೊಂದು ದಿನದಿಂದ ನದಿಯಾಚೆ ಲ್ಯಾಬಲ್ಲಿ ಯಾರೂ ಒಂದು ತಪ್ಪೂ ಮಾಡಿಲ್ವಾ?”

“ಏನ್ ಹಾಗಂದ್ರೆ?”

“ಫೈಲು ಖಾಲಿ ಅಂದ್ರೆ ತಿದ್ದೋಕೆ ಏನೂ ಇರ್ಲಿಲ್ಲ ಅಂತ ತಾನೆ? ಆಯ್ತು ಹಾಕಿದ್ದನ್ನೆಲ್ಲ ಬರೆಯೋ ಪುಸ್ತಕ ತಿರುವಿ ನೋಡ್ದೆ. ಮೊದ್ಲು ವಾರದಲ್ಲಿ ಮೂರು ದಿನ ಖಾಲಿ, ನಾಲ್ಕು ದಿನ ಏನಾದ್ರೂ ಇರ್ತಿತ್ತು. ಈಗ ನಲವತ್ತೊಂದು ದಿನ ಸಾಲಾಗಿ ಖಾಲಿ. ನಾನೂ ಆಫೀಸಲ್ಲಿ ಕೆಲ್ಸ ಮಾಡ್ದೋಳೇ ಸಾರ್. ಅಷ್ಟು ದಿನ ತಪ್ಪೇ ಮಾಡ್ದೇ ಇರೋ ಜನಾನ ನಾನಂತೂ ನೋಡಿಲ್ಲ.”

ಅವನು ನಕ್ಕ. ಗೊತ್ತಿಲ್ಲದವರ ಪ್ರಶ್ನೆಗೆ ಗೊತ್ತಿದ್ದವರು ನಗುವ ನಗು ಅದು, ಅರ್ಧಕ್ಕೇ ನಿಂತಿತು. ಅವನು ಎದ್ದು ಹೋಗಿ ಪುಸ್ತಕ ನೋಡಿದ. ನಲವತ್ತೊಂದು ಆಯ್ತುಗಳು; ಅದರಲ್ಲಿ ಇಪ್ಪತ್ತಾರಕ್ಕೆ ಅವನದೇ ಸಹಿ, ಒಂದಕ್ಕಿಂತ ಒಂದು ಚಂದ. ಹದಿನಾಲ್ಕನೆಯ ಸಾಲನ್ನು ಬರೆದವನೂ ಅವನೇ. ಒಂಬತ್ತು ವರ್ಷದ ಹಿಂದೆ, ಮಗಳ ಶಾಲೆಯ ಸಭಾಂಗಣದಲ್ಲಿ ಎರಡನೆಯ ಸಾಲಿನಲ್ಲಿ ಕೂತಿದ್ದಾಗ, ಇದೇ ಖಾಲಿ ಫೈಲಿಗಾಗಿ ಆಫೀಸಿನಿಂದ ಮೂರು ಸಲ ಫೋನು ಬಂದಿತ್ತು. ಮೊದಲೆರಡು ಸಲ ಕೂತಲ್ಲೇ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ. ಪಕ್ಕದವರು ಮುಖ ಸಿಂಡರಿಸಿದರು. ಮೂರನೆಯ ಸಲ ಹೊರಗೆ ಹೋದ. ತಿರುಗಿ ಬರುವಷ್ಟರಲ್ಲಿ ಚಪ್ಪಾಳೆ ಕೇಳುತ್ತಿತ್ತು, ಮಗಳು ವೇದಿಕೆಯಿಂದ ಇಳಿಯುತ್ತಿದ್ದಳು. “ನೋಡಿದ್ಯಾ ಅಪ್ಪಾ?” ಎಂದು ಓಡಿ ಬಂದಾಗ “ನೋಡ್ದೆ, ಚೆನ್ನಾಗಿತ್ತು” ಅಂದಿದ್ದ. ಹೆಂಡತಿ ಬೇರೆ ಕಡೆ ನೋಡಿದಳು. ಮಾರನೆಯ ದಿನವೇ ಆಫೀಸಿಗೆ ಹೋಗಿ ಆ ಸಾಲು ಸೇರಿಸಿ, ಇನ್ನು ಮೇಲೆ ಇಷ್ಟಕ್ಕೆಲ್ಲ ಯಾರೂ ಫೋನು ಮಾಡಬಾರದು ಎಂದು ಎಲ್ಲರಿಗೂ ಓದಿ ಹೇಳಿದ್ದ. ಮಗಳಿಗೋಸ್ಕರ ಬರೆದ ಸಾಲು ಎಂದು ಅವನು ಈ ಒಂಬತ್ತು ವರ್ಷವೂ ನಂಬಿಕೊಂಡಿದ್ದ. ಆಮೇಲೆ ಅವಳ ಯಾವ ಕಾರ್ಯಕ್ರಮಕ್ಕೆ ಹೋಗಿದ್ದೆ ಎಂದು ಈಗ ಯೋಚಿಸಿದರೆ ಒಂದೂ ನೆನಪಾಗಲಿಲ್ಲ.

ನದಿಯಾಚೆಗೆ ಫೋನು ಮಾಡಿದ. ಲ್ಯಾಬಿನ ಗುಮಾಸ್ತೆ ಗಟ್ಟಿ ದನಿಯ ಹೆಂಗಸು. “ತಿದ್ದುಪಡಿನಾ? ದಿನಾ ಕಳಿಸ್ತಾನೇ ಇದೀವಲ್ಲ ಸಾರ್. ನಿಮ್ಮಿಂದ ದಿನಾ ‘ತಲುಪಿದೆ’ ಅಂತ ಬರ್ತಾನೂ ಇದೆ,” ಎಂದಳು. ತಿದ್ದುಪಡಿ ಜಾಬಿನ ಬೆನ್ನಿಗೇ ಇನ್ನೊಂದು ಸಣ್ಣ ಜಾಬಿದೆ. ತಿದ್ದುಪಡಿ ಮುಗಿದ ಕೂಡಲೇ ಏಳು ಲ್ಯಾಬಿಗೂ ‘ತಲುಪಿದೆ’ ಎಂದು ತಾನೇ ಬರೆದು ಕಳಿಸುತ್ತದೆ. ಇವನು ಆಯ್ತು ಹಾಕಿದಾಗಲೆಲ್ಲ ಅದು ನಂಬಿಕೊಂಡು ಕಳಿಸಿದೆ.

“ಫೈಲನ್ನ ಯಾವ ಹೆಸರಲ್ಲಿ ಕಳಿಸ್ತಿದೀರಿ?”

“ಹೊಸ ಹೆಸರಲ್ಲಿ. ನಮ್ಮಲ್ಲಿ ಪ್ರೋಗ್ರಾಂ ಬದಲಾಯ್ತಲ್ಲ. ಹಳೇ ಹೆಸರಿನ ಫೈಲು ತಾನೇ ತಾನಾಗಿ ಹೋಗುತ್ತೆ, ಅದ್ರಲ್ಲಿ ನಾವೇನೂ ಹಾಕಲ್ಲ. ಮುಂಚೆನೇ ನಿಮಗೆ ಬರೆದು ತಿಳಿಸಿದ್ವಿ. ನೀವೇ ಉತ್ತರ ಕೊಟ್ಟಿದ್ರಿ.”

“ಏನಂತ ಕೊಟ್ಟಿದ್ದೆ?”

“ಇರಿ, ತೆಗೀತೀನಿ.” ಕಾಗದ ಸರಿದ ಸದ್ದು. “ಹಾಂ. ‘ಆಯ್ತು’ ಅಂತ.”

ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಅವನಿಗೆ ರೆಕಾರ್ಡಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ. ನಾಚಿಕೆಯಾಯಿತು, ಅದರ ಜೊತೆಗೆ, ಯಾಕೋ, ಹಗುರವೂ ಆಯಿತು. ನಿನ್ನೆಯಿಂದ ಕಾಡುತ್ತಿದ್ದದ್ದಕ್ಕೆ ಒಂದು ಹೆಸರು ಸಿಕ್ಕಿತ್ತು. ಮಗಳು ಎಂಟು ನಲವತ್ತಕ್ಕೆ ಹೋಗಿ ಆರೂಕಾಲಿಗೆ ಬರುತ್ತಿದ್ದಾಳೆ, ಹೊತ್ತು ತಪ್ಪಿಲ್ಲ, ಡಬ್ಬಿ ಖಾಲಿಯಾಗಿದೆ, ಕೇಳಿದರೆ ಚೆನ್ನಾಗಿತ್ತು ಅನ್ನುತ್ತಾಳೆ. ಮೂರು ತಿಂಗಳು. ಅದಕ್ಕೂ ಮೊದಲು ಒಂದು ಭಾನುವಾರ, ಅವನು ಫ್ಯಾನು ಒರೆಸುತ್ತಿದ್ದಾಗ ಏಣಿ ಹಿಡಿದುಕೊಂಡಿದ್ದ ಅವಳು “ಅಪ್ಪಾ, ನಂಗೆ ಅಲ್ಲಿಗೆ ಹೋಗೋಕ್ಕೇ ಆಗ್ತಿಲ್ಲ” ಎಂದಿದ್ದಳು. ಅವನು ಮೇಲಿನಿಂದಲೇ “ಆಯ್ತು ಬಿಡು, ಸರಿಹೋಗುತ್ತೆ, ಆ ಬಟ್ಟೆ ಕೊಡು” ಎಂದಿದ್ದ. ಅವಳು ಬಟ್ಟೆ ಕೊಟ್ಟಿದ್ದಳು.

ಕೆಂಪು ಸಾಲು ಹಾಗೇ ಇತ್ತು. ಅವನು ತಿದ್ದುಪಡಿ ಜಾಬಿನ ಹಿಂದಿದ್ದ ತೊಂಬತ್ತೆಂಟು ಜಾಬುಗಳನ್ನೂ ಹೋಲ್ಡಿಗೆ ಹಾಕಿದ. ಐದೇ ನಿಮಿಷಕ್ಕೆ ಮ್ಯಾನೇಜರು ಬಂದ. ಅವನಿಗಿಂತ ಹದಿನೈದು ವರ್ಷ ಚಿಕ್ಕವನು, ಸಭ್ಯಸ್ಥ. ದುಡುಕಿ ಮಾತಾಡಿದವನಲ್ಲ, ದುಡುಕದೆಯೇ ತನಗೆ ಬೇಕಾದ್ದನ್ನು ಮಾಡಿಸಿಕೊಳ್ಳುವವನು.

“ಸಾರ್, ಎಲ್ಲಾ ನಿಂತ್ಬಿಟ್ಟಿದೆ?”

“ನಾನೇ ನಿಲ್ಸಿದೀನಿ.” ಅವನು ವಿಷಯ ಹೇಳಿದ. ಮುಚ್ಚಿಡಲಿಲ್ಲ, ಉಪ್ಪುಖಾರವೂ ಹಚ್ಚಲಿಲ್ಲ.

ಮ್ಯಾನೇಜರು ಕುರ್ಚಿಯ ಬೆನ್ನು ಹಿಡಿದು ನಿಂತ. “ನಲವತ್ತೊಂದು ದಿನ ಹೋಗಿರೋದು ಇನ್ನೊಂದು ದಿನ ಹೋದ್ರೆ ಏನಾಗುತ್ತೆ ಸಾರ್? ಈಗ ಆಯ್ತು ಹಾಕಿ. ಹನ್ನೆರಡಕ್ಕೆ ರಿಪೋರ್ಟು ಹೋಗ್ಲಿ. ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಕೂತು ಸರಿಮಾಡೋಣ, ಯಾರಿಗೂ ಗೊತ್ತಾಗಲ್ಲ. ನಿಮ್ಮ ಹನ್ನೊಂದು ವರ್ಷದ್ದು ನೀವೇ ಯಾಕೆ ಕೆಡಿಸ್ಕೋತೀರಿ?”

ಮ್ಯಾನೇಜರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಕೆಟ್ಟ ಮನಸ್ಸಿನಿಂದ ಹೇಳಿದ್ದೂ ಅಲ್ಲ. ನಿನ್ನೆಯಾಗಿದ್ದರೆ ಆಯ್ತಪ್ಪ ಅದನ್ನೇ ಮಾಡುತ್ತಿದ್ದ, ಬೆನ್ನು ತಟ್ಟಿಸಿಕೊಳ್ಳುತ್ತಲೂ ಇದ್ದ. “ಇವತ್ತಿನ ರಿಪೋರ್ಟಿನ ಪಕ್ಕದಲ್ಲಿ ಹಿಂದಿನ ಅಂಕಿನೂ ಅಚ್ಚಾಗುತ್ತೆ,” ಎಂದ. “ಡಾಕ್ಟ್ರು ಎರಡನ್ನೂ ನೋಡಿ ಔಷಧಿ ಬರೀತಾರೆ. ಹಿಂದಿನದು ತಪ್ಪು ಅಂತ ಇಲ್ಲೀವರೆಗೆ ನಂಗೆ ಗೊತ್ತಿರ್ಲಿಲ್ಲ. ಈಗ ಗೊತ್ತು. ಗೊತ್ತಿದ್ದೂ ಕಳ್ಸೋಕಾಗಲ್ಲ.”

“ತಡ ಆದ್ರೆ ಕಾರಣ ಬರೀಬೇಕಲ್ಲ ಸಾರ್.”

“ಬರೀತೀನಿ.”

ಮ್ಯಾನೇಜರು ಹೋದ. ಹೋಗುವಾಗ ಬಾಗಿಲನ್ನು ಎಂದಿಗಿಂತ ಮೆತ್ತಗೆ ಹಾಕಿಕೊಂಡದ್ದು ಅವನಿಗೆ ಚುಚ್ಚಿತು, ಕಾಯಿಲೆಯವರ ಕೋಣೆಯಿಂದ ಹೊರಗೆ ಹೋದಂತಿತ್ತು. ಆದರೆ ಕೈ ಕೆಲಸಕ್ಕೆ ಇಳಿಯಿತು, ಇಳಿದ ಮೇಲೆ ಚುಚ್ಚಿದ್ದು ಮರೆತುಹೋಯಿತು. ಹೊಸ ಹೆಸರಿನ ಫೈಲುಗಳು ಮೆಷೀನಿನ ಒಂದು ಮೂಲೆಯಲ್ಲಿ ಯಾರೂ ಕೇಳದೆ ಬಿದ್ದಿದ್ದವು. ಅವನು ಅವನ್ನು ತಾರೀಖಿನ ಪ್ರಕಾರ ಜೋಡಿಸಿದ. ರೆಕಾರ್ಡಮ್ಮ ಒಂದೊಂದನ್ನೇ ಓದಿ ಟಿಕ್ ಹಾಕುತ್ತ ಹೋಗಿ, ಹದಿನೇಳನೆಯದು ಇಲ್ಲ ಎಂದಳು. ನದಿಯಾಚೆಗೆ ಮತ್ತೆ ಫೋನು ಮಾಡಿ ಅದನ್ನು ತರಿಸಿದ. “ಎಲ್ಲಾ ಒಟ್ಟಿಗೆ ಹಾಕಿಬಿಟ್ರೆ ಬೇಗ ಆಗಲ್ವಾ ಸಾರ್?” ಎಂದು ಕೇಳಿದಳು. “ಆಗುತ್ತೆ. ಆದ್ರೆ ಒಬ್ರದ್ದೇ ಎರಡು ಸಲ ತಿದ್ದಿರ್ತಾರೆ. ಎರಡ್ನೇದು ಮೊದ್ಲು ಕೂತು, ಮೊದಲ್ನೇದು ಅದ್ರ ಮೇಲೆ ಕೂತ್ರೆ, ತಿದ್ದಿದ್ದೇ ಮತ್ತೆ ತಪ್ಪಾಗುತ್ತೆ. ಹಳೇ ದಿನದಿಂದ ಶುರು ಮಾಡಿ ಒಂದೊಂದೇ ಓಡಿಸ್ಬೇಕು.” ಹೇಳುವಾಗ ದನಿಯಲ್ಲಿ ಹಳೆಯ ಗತ್ತು ತಾನಾಗಿ ಬಂದಿತ್ತು, ಅದನ್ನು ಅವನು ಅಡಗಿಸಲಿಲ್ಲ. ಈ ಊರಿನಲ್ಲಿ ಇದನ್ನು ಇಷ್ಟು ನೀಟಾಗಿ ಮಾಡಬಲ್ಲವನು ಇನ್ನೊಬ್ಬನಿಲ್ಲ ಎನ್ನುವುದು ಅವನಿಗೆ ಗೊತ್ತು, ಕೆಡಿಸಿದವನೂ ತಾನೇ ಎನ್ನುವುದೂ ಗೊತ್ತು. ಎರಡೂ ಒಂದರ ಪಕ್ಕ ಒಂದು ಕೂತವು, ಜಗಳವಾಡಲಿಲ್ಲ. ಒಂದೊಂದು ದಿನದ ಸಾಲೂ ಹಸಿರಾಗುತ್ತ ಬಂತು. ಹನ್ನೆರಡು ಹೊಡೆಯಿತು. ವಾರ್ಡುಗಳಿಂದ ಫೋನಿನ ಮೇಲೆ ಫೋನು. ಎಲ್ಲರಿಗೂ ಅವನೇ ಉತ್ತರ ಕೊಟ್ಟ. “ಇವತ್ತು ತಡ. ನನ್ನಿಂದಲೇ ತಡ. ಒಂದು ಗಂಟೆಯೊಳಗೆ ಬರುತ್ತೆ.” ನಾಲ್ಕು ಸಲ ಹೇಳಿದ ಮೇಲೆ ಆ ಮಾತು ನಾಲಿಗೆಗೆ ಒಗ್ಗಿತು. ಹನ್ನೆರಡು ನಲವತ್ತಕ್ಕೆ ಕೊನೆಯ ಜಾಬು ಮುಗಿಯಿತು.

ಒಟ್ಟು ಅರವತ್ತನಾಲ್ಕು ತಿದ್ದುಪಡಿಗಳಿದ್ದವು. ಮೂವತ್ತು ವರ್ಷದಲ್ಲಿ ಅವನು ಫೈಲಿನ ಹೊರಮೈ ನೋಡಿದ್ದನೇ ಹೊರತು ಒಳಗೆ ಕಣ್ಣು ಹಾಯಿಸಿದವನಲ್ಲ. ಎಷ್ಟು ಸಾಲು, ಎಷ್ಟು ಹೊತ್ತು, ಇಷ್ಟೇ. ರೆಕಾರ್ಡಮ್ಮ ಪಟ್ಟಿಯನ್ನು ಅಚ್ಚು ಹಾಕಿಸಿ ತಂದು ಅವನ ಮುಂದಿಟ್ಟಳು. ಬಹಳಷ್ಟು ಚಿಲ್ಲರೆ ವ್ಯತ್ಯಾಸಗಳು. ಒಂಬತ್ತು ಹಾಗಿರಲಿಲ್ಲ. ಒಬ್ಬರು ಇಲ್ಲದ ಕಾಯಿಲೆಗೆ ಒಂದು ತಿಂಗಳಿಂದ ಮಾತ್ರೆ ನುಂಗುತ್ತಿದ್ದರು. ಇನ್ನೊಬ್ಬರಿಗೆ, ಮೂವತ್ತೆರಡು ವರ್ಷದ ಹೆಂಗಸು, ಏನೂ ತೊಂದರೆಯಿಲ್ಲ ಎಂದು ಹೇಳಿ ಮನೆಗೆ ಕಳಿಸಿದ್ದರು, ತೊಂದರೆಯಿತ್ತು. ವೈದ್ಯಾಧಿಕಾರಿಯ ಕಚೇರಿಯವರು ಪಟ್ಟಿ ತೆಗೆದುಕೊಂಡು ಹೋಗಿ ಆಗಲೇ ಒಬ್ಬೊಬ್ಬರಿಗೂ ಫೋನು ಮಾಡಲು ಕೂತಿದ್ದರು. “ಆ ಹೆಂಗಸು ಸಿಕ್ಕಿದ್ರಂತಾ?” ಎಂದು ಕೇಳಿದ. “ಸಿಕ್ಕಿದ್ರಂತೆ. ನಾಳೆ ಬರ್ತೀನಿ ಅಂದ್ರಂತೆ, ಇವ್ರು ಇವತ್ತೇ ಬನ್ನಿ ಅಂದ್ರಂತೆ,” ಎಂದಳು ರೆಕಾರ್ಡಮ್ಮ. ಆ ಹೆಂಗಸಿನ ಪಾಲಿಗೆ ಹೊತ್ತು ಮೀರಿದೆಯೋ ಇಲ್ಲವೋ ಎಂಬುದು ಈ ಕೋಣೆಯಲ್ಲಿ ಯಾರಿಗೂ ಗೊತ್ತಾಗುವಂಥದಲ್ಲ. ಅವನಿಗೆ ಅಳು ಬಂತು. ಕನ್ನಡಕ ತೆಗೆದು ಒರೆಸಿಕೊಂಡ, ಅವಳು ನೋಡಿಯೂ ನೋಡದವಳಂತೆ ತನ್ನ ಟೇಬಲ್ಲಿಗೆ ಹೋದಳು.

ವಿಳಂಬದ ಪುಸ್ತಕವನ್ನು ಮ್ಯಾನೇಜರೇ ಕೈಯಲ್ಲಿ ಹಿಡಿದು ತಂದ. “ಲೈನ್ ತೊಂದರೆ ಅಂತ ಬರೀರಿ ಸಾರ್. ಎಲ್ಲಾ ಕಡೆ ಬರೆಯೋದೇ ಅದು,” ಎಂದು ಪೆನ್ನೂ ಕೊಟ್ಟ. ಅವನು ಆ ಪೆನ್ನಿನಿಂದಲೇ ಬರೆದ: ಹದಿನಾಲ್ಕನೆಯ ಸೂಚನೆ ತಪ್ಪು. ಅದನ್ನು ಬರೆದವನು ನಾನು. ಹೆಸರು ಬದಲಾದದ್ದು ತಿಳಿಸಿದಾಗ ಓದದೆ ಉತ್ತರ ಕೊಟ್ಟವನೂ ನಾನು. ಸಹಿ ಹಾಕಿ, ಎದ್ದು ಹೋಗಿ, ಗೋಡೆಯ ಹಾಳೆಯಲ್ಲಿ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಖಾಲಿ ಬಂದರೆ ಫೋನು ಮಾಡಿ ಕೇಳಿ’ ಎಂದು ಬರೆದ. ಮ್ಯಾನೇಜರು ಪುಸ್ತಕವನ್ನು ಎರಡು ಸಲ ಓದಿದ. “ಇದು ಮೇಲಕ್ಕೆ ಹೋಗುತ್ತೆ ಸಾರ್,” ಎಂದ. “ಹೋಗ್ಲಿ. ಕರೆದ್ರೆ ಬರ್ತೀನಿ. ಈಗ ಅರ್ಧ ದಿನ ರಜೆ ಬೇಕು.” “ನಿನ್ನೆನೂ ಅರ್ಧ ದಿನ ತಗೊಂಡ್ರಲ್ಲ.” “ನಿನ್ನೆ ತಗೊಂಡಿದ್ದು ದಂಡ ಆಯ್ತು,” ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡ.

ಗ್ರಂಥಾಲಯದ ಓದುವ ಕೋಣೆಯಲ್ಲಿ ಹತ್ತು ಹನ್ನೆರಡು ಜನರಿದ್ದರು. ಅವಳು ಕಿಟಕಿಯ ಪಕ್ಕದಲ್ಲೇ ಇದ್ದಳು, ಡಬ್ಬಿ ತೆರೆದು, ಯಾರೂ ನೋಡದಂತೆ ಬ್ಯಾಗು ಅಡ್ಡ ಇಟ್ಟುಕೊಂಡು ಊಟ ಮಾಡುತ್ತಿದ್ದಳು. ಕೊರಳಿನ ಚೀಟಿ ಬಿಚ್ಚಿ ಪಕ್ಕಕ್ಕಿಟ್ಟಿದ್ದಳು. ಬಾಗಿಲಿನಿಂದ ಅಲ್ಲಿಗೆ ಹದಿನೈದು ಹೆಜ್ಜೆ. ಅವನಿಗೆ ಭಯವಾಗಲಿಲ್ಲ ಎಂದರೆ ಸುಳ್ಳು. ಆದರೆ ಬೆಳಿಗ್ಗೆಯಿಂದ ಇದಕ್ಕಿಂತ ಕಷ್ಟದ ಕೆಲಸ ಮಾಡಿ ಬಂದಿದ್ದೇನೆ ಎಂದುಕೊಂಡ, ಅದೂ ಸುಳ್ಳು ಎಂದು ನಡುದಾರಿಯಲ್ಲಿ ಗೊತ್ತಾಯಿತು. ಎದುರಿನ ಕುರ್ಚಿ ಎಳೆದ. ಅವಳು ತಲೆಯೆತ್ತಿ ನೋಡಿದಳು. ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದ, ಬೆಚ್ಚಲಿಲ್ಲ.

“ಅಂತೂ ಬಂದ್ಯಾ,” ಎಂದಳು.

ಅವನು ಬರುವಾಗ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಆ ಎರಡು ಪದಕ್ಕೆ ಚೆಲ್ಲಾಪಿಲ್ಲಿಯಾದವು. “ನಿನ್ನೆನೂ ಬಂದಿದ್ದೆ,” ಎಂದ. “ನಿನ್ನ ನೋಡಿ ವಾಪಸ್ ಹೋದೆ.”

“ಗೊತ್ತು. ಕಿಟಕಿ ಗಾಜಲ್ಲಿ ಕಾಣಿಸ್ತಿದ್ದೆ.”

ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವನು ದನಿ ತಗ್ಗಿಸಿದ. “ಮತ್ತೆ ಸಂಜೆ ಕೇಳ್ದಾಗ ಚೆನ್ನಾಗಿತ್ತು ಅಂದೆ?”

“ನೀನು ಗೊತ್ತಿದ್ದೇ ಕೇಳ್ತಿದೀಯ ಅಂತ ಗೊತ್ತಿತ್ತಲ್ಲ. ಅದಕ್ಕೇ ಅಂದೆ. ಈಗಾದ್ರೂ ಅಪ್ಪ ಸುಳ್ಳು ಅಂತಾನೇನೋ, ಬೈತಾನೇನೋ, ಏನಾದ್ರೂ ಅಂತಾನೇನೋ ಅಂತ.” ಅವಳ ದನಿಯಲ್ಲಿ ಕೋಪವಿರಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದಳು. “ನೀನು ಆಯ್ತು ಅಂದೆ.”

ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತೆಗೆದು ಯಾರೆಂದು ನೋಡದೆ ಆಫ್ ಮಾಡಿದ.

“ಅಲ್ಲಿ ಏನಾಯ್ತು?” ಎಂದು ಕೇಳಿದ.

ಅವಳು ಅವನ ಮುಖವನ್ನು ನೋಡುತ್ತಲೇ ಇದ್ದಳು. “ಉದ್ದ ಇದೆ ಅಪ್ಪಾ.”

“ಇರ್ಲಿ,” ಎಂದ. “ಮೊದಲ್ನೇ ದಿನದಿಂದ ಹೇಳು.”